ಎಣ್ಣೆಯ ಕೇಡು ಮತ್ತು ಕನ್ನಡದ ಕ್ರಿಯಾಪದಗಳು: ಅಪರ್ಯಾಪ್ತ ಕೊಬ್ಬಿನಾಮ್ಲಗಳ ವಿಘಟನೆಯನ್ನು ನಿರೂಪಿಸುವ ಬಗೆ

ಕನ್ನಡದಲ್ಲಿ ವಿಜ್ಞಾನ ನಿರೂಪಣೆಯನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ನಾಮಪದಗಳ ಚರ್ಚೆಯಾಗಿಯೇ ಬೆಳೆದುಬಂದಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಬಂದಾಗಿನಿಂದಲೂ ಪಾರಿಭಾಷಿಕ ಪದವು ಸಂಸ್ಕೃತದಿಂದ ಬರಬೇಕೆ, ಇಂಗ್ಲಿಷಿನದನ್ನೇ ಉಳಿಸಿಕೊಳ್ಳಬೇಕೆ, ಅಚ್ಚಗನ್ನಡದಲ್ಲಿ ಕಟ್ಟಬೇಕೆ ಎಂಬ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆಯುವಾಗ ಎದುರಿಸಬೇಕಾಗಿದ್ದುದೂ ಇದೇ ಪ್ರಶ್ನೆಯನ್ನು. ಆದರೆ ವಿಜ್ಞಾನದ ವಸ್ತುವಿನಲ್ಲಿ ಹೆಸರುಗಳಷ್ಟೇ ಇರುವುದಿಲ್ಲ. ಅದರ ಬಹುಭಾಗ ನಡೆಯುವಿಕೆ. ಯಾವುದು ಯಾವುದನ್ನು ಕಡಿಯುತ್ತದೆ, ಯಾವುದು ಜರುಗುತ್ತದೆ, ಯಾವುದು ತುಂಬುತ್ತದೆ ಎಂಬುದನ್ನು ಹೇಳುವ ಹೊಣೆ ಕ್ರಿಯಾಪದದ್ದು. ಕನ್ನಡದ ಪಾರಿಭಾಷಿಕ ಚರ್ಚೆಯಲ್ಲಿ ಕ್ರಿಯಾಪದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಈ ಮಾತನ್ನು ಒಂದು ನಿರ್ದಿಷ್ಟ ಜೀವರಾಸಾಯನಿಕ ಕ್ರಿಯೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ಬ್ಯಾಕ್ಟೀರಿಯಾಗಳು ಹೇಗೆ ಒಡೆದು ಬಳಸಿಕೊಳ್ಳುತ್ತವೆ ಎಂಬುದು ಆ ಕ್ರಿಯೆ.

ಉದಾಹರಣೆಗಳಿಗಾಗಿ ಎಡೆದೊರೆನಾಡಿನ ಎಣ್ಣೆಕಾಳುಗಳನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ರಾಯಚೂರು, ದೇವದುರ್ಗ, ಮಾನ್ವಿಗಳ ನಡುವಣ ಕಲ್ಲೂರಿನ ಸುತ್ತಿನಂಥ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳದೊಡನೆ ಕುಸುಬೆಯ ಸಾಲುಗಳನ್ನು ಹಾಕುವುದು, ದನ ನುಗ್ಗದಂತೆ ಮುಳ್ಳಿನ ಕುಸುಬೆಯನ್ನು ಹೊಲದ ಅಂಚಿಗೆ ಬಿತ್ತುವುದು ದಖನ್ನಿನ ಹಳೆಯ ರೂಢಿ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ, ಸಿಂಧನೂರುಗಳ ನೀರಾವರಿ ಭಾಗ ಭತ್ತಕ್ಕೆ ತಿರುಗಿತು. ಆದರೂ ಕುಸುಬಿ, ಅಗಸಿ, ಗುರೆಳ್ಳು, ಶೇಂಗಾ, ಔಡಲ ಎಂಬ ಹೆಸರುಗಳು, ಅವುಗಳ ಚಟ್ನಿಪುಡಿಗಳು, ಅವುಗಳ ಹಿಂಡಿ ಮನೆಮಾತಿನಲ್ಲಿ ಉಳಿದಿವೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪದವಿಪೂರ್ವ ವಿಜ್ಞಾನಕ್ಕೆ ಸೇರುವ ಇಲ್ಲಿನ ವಿದ್ಯಾರ್ಥಿಗೆ ಎಣ್ಣೆ ಯಾವಾಗ ಕೆಡುತ್ತದೆ, ಹೇಗೆ ಕೆಡುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಆ ತಿಳಿವಳಿಕೆಗೂ ಪಠ್ಯದ ಇಂಗ್ಲಿಷ್ ವಾಕ್ಯಕ್ಕೂ ನಡುವೆ ಸೇತುವೆಯಾಗಬೇಕಾದ ಕನ್ನಡ ವಾಕ್ಯವನ್ನು ಯಾರೂ ಅವನ ಕೈಗಿತ್ತಿರುವುದಿಲ್ಲ.

ಮೊದಲಿಗೆ ‘ಎಣ್ಣೆ’ ಎಂಬ ಪದವನ್ನೇ ಗಮನಿಸಬಹುದು. ಎಳ್ಳಿನ ನೆಯ್ ಎಂಬುದು ಅದರ ನಿಷ್ಪತ್ತಿ, ತಮಿಳಿನಲ್ಲಿಯೂ ಹಾಗೆಯೇ. ರಾಯಚೂರಿನ ಮೂಡಣ ಗಡಿಯಲ್ಲಿ ಕೇಳಿಬರುವ ತೆಲುಗಿನ ‘ನೂನೆ’ಯೂ ಎಳ್ಳಿನಿಂದಲೇ ಬಂದದ್ದು. ಸಂಸ್ಕೃತದ ‘ತೈಲ’ವು ‘ತಿಲ’ದ್ದು. ಒಂದು ಕಾಳಿನ ರಸಕ್ಕಿದ್ದ ಹೆಸರು ಕ್ರಮೇಣ ಎಲ್ಲ ಜಿಡ್ಡುದ್ರವಗಳಿಗೂ ವ್ಯಾಪಿಸಿತು. ಶಾಸನಗಳ ನಂದಾದೀವಿಗೆಯ ಸೊಲ್ಲಗೆ ಎಣ್ಣೆಯಿಂದ ಹಿಡಿದು ಸೀಮೆಎಣ್ಣೆಯವರೆಗೆ ಅದರ ಹರವಿದೆ. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಸೀಮೆಎಣ್ಣೆಗೂ ಕುಸುಬೆ ಎಣ್ಣೆಗೂ ಸಂಬಂಧ ತೀರ ದೂರದ್ದು. ಮೊದಲನೆಯದರಲ್ಲಿ ಕೊಬ್ಬಿನಾಮ್ಲವೇ ಇಲ್ಲ. ನಾಮಪದವು ಹೀಗೆ ಸಡಿಲವಾಗುತ್ತ ಹೋದರೆ, ಅದೇ ವಸ್ತುವಿಗೆ ಸಂಬಂಧಿಸಿದ ಕ್ರಿಯಾಪದಗಳು ಬಿಗಿಯಾಗಿಯೇ ಉಳಿದಿರುವುದು ಕುತೂಹಲಕರ.

ಕೇಡಿನ ಕ್ರಿಯಾಪದಗಳು

‘ಕೆಡು’ ಎಂಬುದು ಸಾಮಾನ್ಯ ಧಾತು. ಅದರ ಕೆಳಗೆ ಕನ್ನಡವು ಆಹಾರದ ಕೇಡನ್ನು ಸೂಕ್ಷ್ಮವಾಗಿ ವಿಂಗಡಿಸುತ್ತದೆ. ಅನ್ನ, ಸಾರು, ಪಲ್ಯ ಹಳಸುತ್ತವೆ. ಹಣ್ಣು, ತರಕಾರಿ ಕೊಳೆಯುತ್ತವೆ. ಹಿಟ್ಟು, ಕಾಳು ಮುಗ್ಗುತ್ತವೆ. ಹಾಲು ಒಡೆಯುತ್ತದೆ, ಹಿಟ್ಟಿನ ಹದ ಹುಳಿಬರುತ್ತದೆ. ಎಣ್ಣೆ, ತುಪ್ಪ, ಒಣಕೊಬ್ಬರಿ, ಶೇಂಗಾಬೀಜ ಕಮಟಾಗುತ್ತವೆ. ಇವುಗಳನ್ನು ಅದಲುಬದಲು ಮಾಡಿದರೆ ಕನ್ನಡಿಗನ ಕಿವಿ ಒಪ್ಪುವುದಿಲ್ಲ. ‘ಎಣ್ಣೆ ಹಳಸಿತು’ ಎಂದಾಗಲಿ ‘ಸಾರು ಕಮಟಾಯಿತು’ ಎಂದಾಗಲಿ ಯಾರೂ ಹೇಳುವುದಿಲ್ಲ.

ಈ ವಿಂಗಡಣೆಯು ರುಚಿವಾಸನೆಗಳನ್ನು ಆಧರಿಸಿದ್ದು, ಕಾರಣಗಳನ್ನಲ್ಲ. ಆದರೂ ಅದು ಕಾರಣಗಳ ವಿಂಗಡಣೆಗೆ ಬಹಳ ಸಮೀಪವಾಗಿದೆ. ಹಳಸುವ, ಕೊಳೆಯುವ, ಮುಗ್ಗುವ ವಸ್ತುಗಳಲ್ಲೆಲ್ಲ ನೀರು ಅಥವಾ ತೇವವಿದೆ. ಅಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಇಲ್ಲವೆ ಶಿಲೀಂಧ್ರ. ಕಮಟಾಗುವ ವಸ್ತುಗಳು ಒಣಗಿದವು ಅಥವಾ ನೀರಿಲ್ಲದವು. ಜೀವಿಗಳು ಬೆಳೆಯಲು ನೀರು ಬೇಕೇಬೇಕಾದ ಕಾರಣ, ಗಾಣದಿಂದ ಬಂದು ಡಬ್ಬಿಯಲ್ಲಿ ಕುಳಿತ ಶುದ್ಧ ಎಣ್ಣೆಯನ್ನು ಬ್ಯಾಕ್ಟೀರಿಯಾಗಳು ಮುಟ್ಟಲಾರವು. ಅಲ್ಲಿ ಕೇಡನ್ನು ತರುವುದು ಗಾಳಿಯ ಆಮ್ಲಜನಕ. ಅದು ಕೊಬ್ಬಿನಾಮ್ಲದ ದ್ವಿಬಂಧದ ನೆರೆಯಲ್ಲಿ ಹತ್ತಿಕೊಂಡು ಸರಪಳಿಯನ್ನು ಮುರಿದು ಸಣ್ಣ, ಆವಿಯಾಗುವ, ಕಟುವಾಸನೆಯ ತುಣುಕುಗಳನ್ನು ಉಂಟುಮಾಡುತ್ತದೆ. ಅಗಸೆಯ ಕೊಬ್ಬಿನಾಮ್ಲಗಳಲ್ಲಿ ಅರ್ಧದಷ್ಟು ಮೂರು ದ್ವಿಬಂಧಗಳುಳ್ಳ ಲಿನೋಲೆನಿಕ್ ಆಮ್ಲ. ಇಡೀ ಕಾಳಾಗಿ ತಿಂಗಳುಗಟ್ಟಲೆ ಕೆಡದ ಅಗಸೆ ಪುಡಿಯಾದ ಕೂಡಲೇ ಬೇಗ ಕಮಟಾಗುವುದು ಈ ಕಾರಣದಿಂದ. ಅಗಸಿ ಚಟ್ನಿಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಕುಟ್ಟಿಕೊಳ್ಳುವ ಗೃಹಿಣಿಗೆ ಲಿನೋಲೆನಿಕ್ ಆಮ್ಲದ ಹೆಸರು ಬೇಕಾಗಿಲ್ಲ.

ನೀರಿನ ಮಾತಿಗೆ ಬೆಣ್ಣೆ ಒಳ್ಳೆಯ ನಿದರ್ಶನ. ಬೆಣ್ಣೆಯಲ್ಲಿ ಸುಮಾರು ಆರನೆಯ ಒಂದು ಭಾಗ ನೀರಿರುತ್ತದೆ. ಅದರಲ್ಲಿ ಸೂಕ್ಷ್ಮಜೀವಿಗಳಿಗೆ ಎಡೆಯುಂಟು. ಕಾಯಿಸಿ ನೀರನ್ನು ಹಾರಿಸಿದರೆ ತುಪ್ಪವಾಗುತ್ತದೆ, ಸೂಕ್ಷ್ಮಜೀವಿಗಳ ದಾರಿ ಮುಚ್ಚುತ್ತದೆ. ಆಮ್ಲಜನಕದ ದಾರಿ ಮಾತ್ರ ತೆರೆದಿರುತ್ತದೆ. ಉಪ್ಪಿನಕಾಯಿಯ ಮೇಲೆ ನಿಲ್ಲುವ ಎಣ್ಣೆಯ ಪದರದ ಕೆಲಸ ಇದಕ್ಕೆ ವಿಲೋಮವಾದದ್ದು: ಅಲ್ಲಿ ಎಣ್ಣೆಯೇ ಗಾಳಿಗೆ ಅಡ್ಡನಿಲ್ಲುತ್ತದೆ. ಬ್ಯಾಕ್ಟೀರಿಯಾಗಳು ನಿಜವಾಗಿ ಎಣ್ಣೆಯನ್ನು ತಿನ್ನುವ ಸ್ಥಳಗಳು ಬೇರೆ. ಮುಸುರೆ ನೀರು, ಬಚ್ಚಲ ಗುಂಡಿ, ತಿಪ್ಪೆ, ಹಿಂಡಿ ಬಿದ್ದು ನೆಂದ ಎರೆಮಣ್ಣು, ಪ್ರಾಣಿಗಳ ಕರುಳು. ಅಲ್ಲಿ ನಡೆಯುವುದಕ್ಕೆ ಮಾತ್ರ ಕನ್ನಡದಲ್ಲಿ ವಿಶಿಷ್ಟವಾದ ಕ್ರಿಯಾಪದವಿಲ್ಲ. ಮೂಗಿಗೆ ಬಡಿಯದಿದ್ದುದನ್ನು ಭಾಷೆ ಹೆಸರಿಸದೆ ಬಿಟ್ಟಿರುವುದು ಸಹಜ.

‘ಕಮಟು’ ಎಂಬುದರ ಮಿತಿಯನ್ನೂ ಹೇಳಬೇಕು. ಬೆಣ್ಣೆಯಲ್ಲಿ ಲೈಪೇಸ್ ಎಂಬ ಕಿಣ್ವವು ಕೊಬ್ಬಿನಾಮ್ಲಗಳನ್ನು ಬಿಡಿಸಿದಾಗ ಹುಟ್ಟುವ ವಾಸನೆಗೂ, ಆಮ್ಲಜನಕದಿಂದ ಹುಟ್ಟುವ ವಾಸನೆಗೂ ಈ ಪದ ಒಂದೇ. ಹೀಗಾಗಿ ‘ಜನಭಾಷೆಯಲ್ಲಿ ವಿಜ್ಞಾನವೆಲ್ಲ ಅಡಗಿದೆ’ ಎಂಬ, ಈಚೆಗೆ ಸುಲಭವಾಗಿ ಕೇಳಿಬರುವ ಮಾತಿಗೆ ಇಲ್ಲಿ ಆಧಾರವನ್ನು ಹುಡುಕಬೇಕಾಗಿಲ್ಲ.

‘ಅಸಂತೃಪ್ತ’ದ ತೊಡಕು

ಎಣ್ಣೆಯ ಅಣುವಿನಲ್ಲಿ ಗ್ಲಿಸರಾಲ್ ಎಂಬ ಸಣ್ಣ ಕಟ್ಟಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಒಂದೊಂದು ಕೊಬ್ಬಿನಾಮ್ಲವೂ ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಇಲ್ಲಿ ಪ್ರಸ್ತಾಪವಾಗುವ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಹದಿನೆಂಟು ಇಂಗಾಲಗಳದು. ಎಲ್ಲ ಇಂಗಾಲಗಳೂ ಹಿಡಿಯಬಹುದಾದಷ್ಟು ಜಲಜನಕವನ್ನು ಹಿಡಿದಿದ್ದರೆ ಅದು ಪರ್ಯಾಪ್ತ. ನೆರೆಯ ಎರಡು ಇಂಗಾಲಗಳು ತಲಾ ಒಂದು ಜಲಜನಕವನ್ನು ಬಿಟ್ಟು ತಮ್ಮತಮ್ಮಲ್ಲೇ ಎರಡನೆಯ ಬಂಧವನ್ನು ಏರ್ಪಡಿಸಿಕೊಂಡಿದ್ದರೆ ಅದು ಅಪರ್ಯಾಪ್ತ. ಶೇಂಗಾ ಎಣ್ಣೆಯಲ್ಲಿ ಹೆಚ್ಚಾಗಿರುವ ಓಲೀಯಿಕ್ ಆಮ್ಲದಲ್ಲಿ ಇಂಥ ದ್ವಿಬಂಧ ಒಂದು. ಕುಸುಬೆ ಎಣ್ಣೆಯ ಸುಮಾರು ಮುಕ್ಕಾಲು ಭಾಗವಾಗಿರುವ ಲಿನೋಲೆಯಿಕ್ ಆಮ್ಲದಲ್ಲಿ ಎರಡು.

ಈ ಅರ್ಥಕ್ಕೆ ಕನ್ನಡದಲ್ಲಿ ‘ಅಪರ್ಯಾಪ್ತ’, ‘ಅಸಂತೃಪ್ತ’, ‘ಅತೃಪ್ತ’ ಎಂಬ ರೂಪಗಳು ಬಳಕೆಯಲ್ಲಿವೆ. ಮೂರೂ ನಿಷೇಧವಾಚಕಗಳು, ಮೂರೂ ಕೊರತೆಯನ್ನು ಸೂಚಿಸುತ್ತವೆ. ಅತೃಪ್ತಿ ಎಂದರೆ ಕನ್ನಡಿಗನ ಮನಸ್ಸಿಗೆ ಮೊದಲು ಬರುವುದು ತಣಿಯದ ಆಸೆ, ತೀರದ ಆತ್ಮ. ‘ಅಸಂತೃಪ್ತ ಕೊಬ್ಬು ಆರೋಗ್ಯಕ್ಕೆ ಹಿತ’ ಎಂಬ ವಾಕ್ಯವನ್ನು ಓದಿದ ವಿದ್ಯಾರ್ಥಿ ತಬ್ಬಿಬ್ಬಾದರೆ ತಪ್ಪು ಅವನದಲ್ಲ. ‘ಕೊಬ್ಬು’ ಕೂಡ ಸೊಕ್ಕಿನ ಅರ್ಥವನ್ನು ಹೊತ್ತುಕೊಂಡ ಪದವೇ. ಸಂಸ್ಕೃತದ ‘ಸ್ನೇಹ’ವು ಜಿಡ್ಡಿಗೂ ಒಲವಿಗೂ ಸಮನಾಗಿ ಸಲ್ಲುವಂತೆ, ದೇಹದ ದ್ರವ್ಯಗಳ ಹೆಸರುಗಳು ಮನಸ್ಸಿನ ಸ್ಥಿತಿಗಳಿಗೆ ಹರಿಯುವುದು ಭಾಷೆಗಳಲ್ಲಿ ಹೊಸತೇನಲ್ಲ. ಆದರೆ ಇಲ್ಲಿನ ನಿಜವಾದ ತೊಡಕು ಭಾವಾರ್ಥದ್ದಲ್ಲ. ಈ ವಿಶೇಷಣಗಳು ದ್ವಿಬಂಧಗಳೆಷ್ಟು, ಅವು ಎಲ್ಲಿವೆ, ಯಾವ ಆಕಾರದಲ್ಲಿವೆ ಎಂಬ ಮೂರನ್ನೂ ಮುಚ್ಚಿಡುತ್ತವೆ. ಬ್ಯಾಕ್ಟೀರಿಯಾಗಳ ಕ್ರಿಯೆಯನ್ನು ಹೇಳಹೊರಟಾಗ ಬೇಕಾಗುವುದು ಈ ಮೂರೇ. ಆದ್ದರಿಂದ ‘ಅಪರ್ಯಾಪ್ತ’ವನ್ನು ವರ್ಗದ ಹೆಸರಾಗಿ ಇಟ್ಟುಕೊಂಡು, ವಿವರಣೆಗೆ ಇಳಿದ ಕೂಡಲೇ ‘ಒಂಬತ್ತರಲ್ಲಿ ದ್ವಿಬಂಧವುಳ್ಳ ಆಮ್ಲ’ ಎಂಬಂತೆ ಬಿಡಿಸಿ ಹೇಳುವುದು ಮೇಲು. ಸಮಾಸವು ಚಿಕ್ಕದಾಗಿರುವುದು ಯಾವಾಗಲೂ ಗುಣವಲ್ಲ.

ಆಕಾರದ ಬಗ್ಗೆ ಒಂದು ಮಾತು. ದ್ವಿಬಂಧದ ಎರಡು ಬದಿಯ ಸರಪಳಿಗಳು ಒಂದೇ ಮಗ್ಗುಲಿಗೆ ಬಂದರೆ ಸಿಸ್, ಎದುರುಬದಿರಾಗಿ ನಿಂತರೆ ಟ್ರಾನ್ಸ್. ಕಾಳಿನ ಎಣ್ಣೆಗಳಲ್ಲಿರುವುದು ಬಹುತೇಕ ಸಿಸ್. ಅಲ್ಲಿ ಸರಪಳಿ ಬಾಗಿರುತ್ತದೆ. ಟ್ರಾನ್ಸ್ ಎಂಬ ಪದ ಆಹಾರದ ಪೊಟ್ಟಣಗಳ ಮೂಲಕ ಈಗಾಗಲೇ ಕನ್ನಡಕ್ಕೆ ಬಂದಿದೆ. ತಿನ್ನುವ ಎಣ್ಣೆ ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂಬ ಮಿತಿಯು ಭಾರತದಲ್ಲಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಈ ಜೋಡಿಗೆ ಹೊಸ ಕನ್ನಡ ಪದಗಳನ್ನು ಹುಡುಕುವ ಅಗತ್ಯ ಕಾಣುವುದಿಲ್ಲ.

ಲೋಪ, ಆಗಮ, ಪಲ್ಲಟ

ಕೊಬ್ಬಿನಾಮ್ಲಗಳು ಎರಡೆರಡು ಇಂಗಾಲಗಳಾಗಿ ಕಡಿಯಲ್ಪಡುತ್ತವೆ ಎಂಬುದನ್ನು 1904ರಲ್ಲಿ ತೋರಿಸಿಕೊಟ್ಟವನು ಜರ್ಮನಿಯ ಫ್ರಾಂಝ್ ಕ್ನೂಪ್. ಸರಪಳಿಯ ತುದಿಗೆ ದೇಹ ಒಡೆಯಲಾರದ ಬೆಂಜೀನ್ ಉಂಗುರವನ್ನು ಗುರುತಿಗಾಗಿ ಕಟ್ಟಿ, ಅಂಥ ಆಮ್ಲಗಳನ್ನು ನಾಯಿಗಳಿಗೆ ಉಣಿಸಿ, ಮೂತ್ರದಲ್ಲಿ ಉಂಗುರದೊಡನೆ ಉಳಿದುಬಂದ ತುಣುಕುಗಳನ್ನು ಅವನು ಪರೀಕ್ಷಿಸಿದ. ಸರಪಳಿಯಲ್ಲಿ ಇಂಗಾಲಗಳ ಸಂಖ್ಯೆ ಸರಿಯಾಗಿದ್ದರೆ ಒಂದು ಬಗೆಯ ತುಣುಕು, ಬೆಸವಾಗಿದ್ದರೆ ಇನ್ನೊಂದು. ಒಂದೊಂದಾಗಿ ಕಡಿತವಾಗುತ್ತಿದ್ದರೆ ಈ ಭೇದ ಹುಟ್ಟುತ್ತಿರಲಿಲ್ಲ. ಆಮ್ಲದ ತುದಿಯಿಂದ ಮೂರನೆಯದಾದ ಬೀಟಾ ಇಂಗಾಲದಲ್ಲಿ ನಡೆಯುವುದರಿಂದ ಈ ಕ್ರಿಯೆಗೆ ಬೀಟಾ ಉತ್ಕರ್ಷಣವೆಂದು ಹೆಸರು. ಮುಂದೆ ಅತಿ ಹೆಚ್ಚು ವಿವರವಾಗಿ ಅಧ್ಯಯನಗೊಂಡದ್ದು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ.

ಇ. ಕೋಲೈಗೆ ಇಡೀ ಎಣ್ಣೆಯಣುವನ್ನು ತಿನ್ನಲಾಗದು. ಸ್ಯೂಡೊಮೊನಾಸ್, ಬ್ಯಾಸಿಲಸ್ ಮುಂತಾದ ಕುಲಗಳ ಎಷ್ಟೋ ಬ್ಯಾಕ್ಟೀರಿಯಾಗಳು ಲೈಪೇಸನ್ನು ಹೊರಸೂಸಿ ಕೊಬ್ಬಿನಾಮ್ಲಗಳನ್ನು ಬಿಡಿಸುತ್ತವೆ, ಇ. ಕೋಲೈ ಹಾಗೆ ಬಿಡಿಯಾದವನ್ನು ತನ್ನ ಹೊರಪೊರೆಯ ಒಂದು ಪ್ರೋಟೀನಿನ ಮೂಲಕ ಒಳಕ್ಕೆ ತೆಗೆದುಕೊಳ್ಳುತ್ತದೆ. ಒಳಗೆ ಬಂದದ್ದಕ್ಕೆ ಸಹಕಿಣ್ವ-ಎ ಎಂಬ ಹಿಡಿಕೆ ಅಂಟುತ್ತದೆ. ಈ ಕೆಲಸಗಳ ಜೀನ್‌ಗಳಿಗೆ ಒಟ್ಟಾಗಿ ‘ಫ್ಯಾಡ್’ ಎಂದು ಹೆಸರು. ಕೊಬ್ಬಿನಾಮ್ಲ ಬರುವವರೆಗೆ ಫ್ಯಾಡ್-ಆರ್ ಎಂಬ ಪ್ರೋಟೀನು ಅವುಗಳನ್ನು ಅದುಮಿ ಹಿಡಿದಿರುತ್ತದೆ. ಹಿಡಿಕೆ ಹತ್ತಿದ ಉದ್ದ ಸರಪಳಿಯ ಕೊಬ್ಬಿನಾಮ್ಲವು ಅದಕ್ಕೆ ಅಂಟಿಕೊಂಡಾಗ ಆ ಹಿಡಿತ ಸಡಿಲುತ್ತದೆ. ಗ್ಲೂಕೋಸ್ ಸಿಗುತ್ತಿರುವಷ್ಟು ಕಾಲ ಬ್ಯಾಕ್ಟೀರಿಯಾ ಎಣ್ಣೆಯ ಕಡೆಗೆ ಸುಲಭವಾಗಿ ತಿರುಗುವುದಿಲ್ಲ.

ಕಡಿತದ ಒಂದು ಸುತ್ತಿನಲ್ಲಿ ನಾಲ್ಕು ಹೆಜ್ಜೆಗಳಿವೆ. ಇವುಗಳನ್ನು ಹೇಳಲು ಕನ್ನಡ ಅಧ್ಯಾಪಕರ ಬಳಿ ಸಿದ್ಧವಾದ ಪರಿಭಾಷೆಯೊಂದಿದೆ. ಅದು ಕೇಶಿರಾಜನ ಕಾಲದಿಂದಲೂ ಸಂಧಿಪ್ರಕರಣದಲ್ಲಿ ನಿಂತಿರುವಂಥದು. ಮೊದಲ ಹೆಜ್ಜೆಯಲ್ಲಿ ಎರಡನೆಯ ಮತ್ತು ಮೂರನೆಯ ಇಂಗಾಲಗಳಿಂದ ಒಂದೊಂದು ಜಲಜನಕ ಲೋಪವಾಗಿ ಅವುಗಳ ನಡುವೆ ಟ್ರಾನ್ಸ್ ದ್ವಿಬಂಧ ಏರ್ಪಡುತ್ತದೆ. ಎರಡನೆಯದರಲ್ಲಿ ಅಲ್ಲಿಗೆ ನೀರಿನ ಅಣುವೊಂದು ಆಗಮವಾಗುತ್ತದೆ. ಮೂರನೆಯದರಲ್ಲಿ ಮತ್ತೆ ಎರಡು ಜಲಜನಕಗಳ ಲೋಪ. ನಾಲ್ಕನೆಯದರಲ್ಲಿ ಎರಡನೆಯ ಮತ್ತು ಮೂರನೆಯ ಇಂಗಾಲಗಳ ನಡುವೆ ಕಡಿತವಾಗಿ, ಎರಡು ಇಂಗಾಲಗಳ ತುಣುಕು ಅಸಿಟೈಲ್ ಸಹಕಿಣ್ವ-ಎ ಆಗಿ ಬೇರ್ಪಡುತ್ತದೆ; ಉಳಿದ ಸರಪಳಿಗೆ ಹೊಸ ಹಿಡಿಕೆ ಬರುತ್ತದೆ. ‘ಊರು’, ‘ಅನ್ನು’ ಸೇರಿ ‘ಊರನ್ನು’ ಆಗುವಾಗ ಉಕಾರ ಬಿದ್ದುಹೋಗುವುದನ್ನೂ, ‘ಮನೆ’ಗೆ ‘ಅನ್ನು’ ಸೇರುವಾಗ ಯಕಾರ ನಡುವೆ ಬರುವುದನ್ನೂ ಕಲಿತ ವಿದ್ಯಾರ್ಥಿಗೆ ‘ಜಲಜನಕಲೋಪ’, ‘ಜಲಾಗಮ’ ಎಂಬುವು ‘ನಿರ್ಜಲಜನಕೀಕರಣ’ದಷ್ಟು ಭಾರವಾಗಲಾರವು. ಸಂಧಿಯು ಕೂಡುವ ಕ್ರಿಯೆ, ಇದು ಬಿಡಿಸುವ ಕ್ರಿಯೆ ಎಂಬ ವ್ಯತ್ಯಾಸವನ್ನು ಮರೆಯದಿದ್ದರೆ ಸಾಕು.

ದ್ವಿಬಂಧವಿಲ್ಲದ ಆಮ್ಲದಲ್ಲಿ ಈ ಸುತ್ತು ಅಡೆತಡೆಯಿಲ್ಲದೆ ಪುನರಾವರ್ತನೆಯಾಗುತ್ತದೆ. ಓಲೀಯಿಕ್ ಆಮ್ಲದಲ್ಲಿ ದ್ವಿಬಂಧವು ಒಂಬತ್ತು ಮತ್ತು ಹತ್ತನೆಯ ಇಂಗಾಲಗಳ ನಡುವೆ ಸಿಸ್ ಆಗಿದೆ. ಮೂರು ಸುತ್ತುಗಳಲ್ಲಿ ಆರು ಇಂಗಾಲಗಳು ಕಳಚಿ ಹನ್ನೆರಡು ಉಳಿದಾಗ ಆ ದ್ವಿಬಂಧ ಮೂರು ಮತ್ತು ನಾಲ್ಕನೆಯ ಇಂಗಾಲಗಳ ನಡುವೆ ಬಂದು ನಿಲ್ಲುತ್ತದೆ. ನೀರನ್ನು ಸೇರಿಸುವ ಕಿಣ್ವಕ್ಕೆ ಬೇಕಾದದ್ದು ಎರಡು ಮೂರರ ನಡುವಿನ ಟ್ರಾನ್ಸ್ ದ್ವಿಬಂಧ. ಸ್ಥಾನವೂ ತಪ್ಪು, ಆಕಾರವೂ ತಪ್ಪು. ಕೆಲಸ ಅಲ್ಲಿಗೆ ನಿಲ್ಲುತ್ತದೆ. ಬ್ಯಾಕ್ಟೀರಿಯಾ ಆ ದ್ವಿಬಂಧವನ್ನು ಒಡೆಯುವುದೂ ಇಲ್ಲ, ತುಂಬುವುದೂ ಇಲ್ಲ. ಐಸೊಮರೇಸ್ ಎಂಬ ಕಿಣ್ವಶಕ್ತಿಯಿಂದ ಅದನ್ನು ಒಂದು ಮನೆ ಈಚೆಗೆ ಜರುಗಿಸುತ್ತದೆ. ಜರುಗಿದ ದ್ವಿಬಂಧ ಟ್ರಾನ್ಸ್ ಆಗುತ್ತದೆ. ಭಾಷಾವಿಜ್ಞಾನದ ವರ್ಣಪಲ್ಲಟದಂತೆ ಇಲ್ಲಿ ಸೇರಿದ್ದೂ ಇಲ್ಲ, ಬಿದ್ದದ್ದೂ ಇಲ್ಲ. ಪರಮಾಣುಗಳ ಲೆಕ್ಕ ಅಷ್ಟೇ ಇದ್ದು ಸ್ಥಾನ ಮಾತ್ರ ಬದಲಾಗಿದೆ. ಇ. ಕೋಲೈಯಲ್ಲಿ ಈ ಪಲ್ಲಟವನ್ನು ನಡೆಸುವುದು ಪ್ರತ್ಯೇಕ ಪ್ರೋಟೀನಲ್ಲ. ಎರಡನೆಯ, ಮೂರನೆಯ ಹೆಜ್ಜೆಗಳನ್ನು ನಡೆಸುವ ಫ್ಯಾಡ್-ಬಿ ಪ್ರೋಟೀನೇ ಇದನ್ನೂ ಮಾಡುತ್ತದೆ. ದ್ವಿಬಂಧ ಆಗಲೇ ಇರುವುದರಿಂದ ಆ ಸುತ್ತಿನಲ್ಲಿ ಮೊದಲ ಲೋಪದ ಅಗತ್ಯವೂ ಇಲ್ಲ, ಅದರಿಂದ ಸಿಗುವ ಅಲ್ಪ ಶಕ್ತಿಯೂ ಇಲ್ಲ. ಕೊನೆಗೆ ಹದಿನೆಂಟು ಇಂಗಾಲಗಳಿಂದ ಒಂಬತ್ತು ತುಣುಕುಗಳು ದೊರೆಯುತ್ತವೆ.

ಕುಸುಬೆಯ ಲಿನೋಲೆಯಿಕ್ ಆಮ್ಲದಲ್ಲಿ ಇನ್ನೊಂದು ಸಿಸ್ ದ್ವಿಬಂಧ ಹನ್ನೆರಡರಲ್ಲಿದೆ. ಮೂರು ಸುತ್ತುಗಳ ಮೇಲೆ ಮೊದಲ ದ್ವಿಬಂಧದ ಪಲ್ಲಟವಾಗಿ ನಾಲ್ಕನೆಯ ಸುತ್ತು ಮುಗಿದಾಗ ಹತ್ತು ಇಂಗಾಲಗಳ ಸರಪಳಿ ಉಳಿಯುತ್ತದೆ; ಎರಡನೆಯ ದ್ವಿಬಂಧ ಈಗ ನಾಲ್ಕನೆಯ ಸ್ಥಾನದಲ್ಲಿರುತ್ತದೆ. ಮುಂದಿನ ಸುತ್ತಿನ ಮೊದಲ ಲೋಪದಿಂದ ಎರಡರಲ್ಲೊಂದು, ನಾಲ್ಕರಲ್ಲೊಂದು, ಹೀಗೆ ಎರಡು ದ್ವಿಬಂಧಗಳು ಒತ್ತಿನಲ್ಲಿ ನಿಲ್ಲುತ್ತವೆ. ಇಲ್ಲಿ ಪಲ್ಲಟ ಸಾಲದು. ಫ್ಯಾಡ್-ಎಚ್ ಎಂಬ ಕಿಣ್ವವು ಎರಡು ಜಲಜನಕಗಳನ್ನು ತುಂಬಿ, ಎರಡರ ಬದಲು ಒಂದೇ ದ್ವಿಬಂಧ ಉಳಿಯುವಂತೆ ಮಾಡುತ್ತದೆ. ಇ. ಕೋಲೈಯಲ್ಲಿ ಹಾಗೆ ಉಳಿಯುವುದು ನೇರವಾಗಿ ಎರಡನೆಯ ಸ್ಥಾನದ ಟ್ರಾನ್ಸ್ ದ್ವಿಬಂಧವೇ, ಕೆಲಸ ಮುಂದುವರಿಯುತ್ತದೆ. ಮನುಷ್ಯನನ್ನೂ ಒಳಗೊಂಡ ಸಸ್ತನಿಗಳ ಕಿಣ್ವ ಅದನ್ನು ಮೂರನೆಯ ಸ್ಥಾನದಲ್ಲಿ ಉಳಿಸುವುದರಿಂದ ಅಲ್ಲಿ ಮತ್ತೊಮ್ಮೆ ಪಲ್ಲಟ ಬೇಕಾಗುತ್ತದೆ. ಬ್ಯಾಕ್ಟೀರಿಯಾದ ದಾರಿ ಇಲ್ಲಿ ಒಂದು ಹೆಜ್ಜೆ ಹತ್ತಿರದ್ದು.

ಹೀಗೆ ಶೇಂಗಾ ಎಣ್ಣೆಯ ಮುಖ್ಯ ಆಮ್ಲಕ್ಕೆ ‘ಜರುಗಿಸು’ ಎಂಬ ಒಂದು ಕ್ರಿಯಾಪದ ಸಾಕು. ಕುಸುಬೆಯದಕ್ಕೆ ‘ಜರುಗಿಸು’, ‘ತುಂಬು’ ಎರಡೂ ಬೇಕು. ‘ಬ್ಯಾಕ್ಟೀರಿಯಾಗಳು ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನು ವಿಘಟಿಸುತ್ತವೆ’ ಎಂಬ, ವ್ಯಾಕರಣದಲ್ಲಿ ನಿರ್ದುಷ್ಟವಾದ ವಾಕ್ಯವು ಈ ವಿವರದಲ್ಲಿ ಒಂದನ್ನೂ ತಿಳಿಸುವುದಿಲ್ಲ. ಅನುವಾದಿತ ಪಠ್ಯಗಳು ಕಠಿಣವೆನಿಸಲು ಸಂಸ್ಕೃತ ಪದಗಳೇ ಕಾರಣವೆಂಬ ದೂರು ಅರ್ಧಸತ್ಯ. ಹಲವು ಕ್ರಿಯೆಗಳನ್ನು ಒಂದೇ ಭಾವನಾಮದಲ್ಲಿ ಅಡಗಿಸುವ ಅಭ್ಯಾಸದ ಪಾಲು ಅದರಲ್ಲಿ ಹೆಚ್ಚಿನದು.

ಇದಕ್ಕೆ ಪ್ರತಿಯಾದ ನಿದರ್ಶನ ಎಮ್ಮೆಯ ಹೊಟ್ಟೆಯಲ್ಲಿದೆ. ಕುಸುಬೆ ಹಿಂಡಿಯಲ್ಲಿ ಉಳಿದಿರುವ ಎಣ್ಣೆ ದ್ರವ. ಅದನ್ನು ತಿಂದ ಎಮ್ಮೆಯ ತುಪ್ಪ ಹೆಪ್ಪುಗಟ್ಟುವಂಥದು. ಮೆಲುಕು ಹಾಕುವ ಪ್ರಾಣಿಗಳ ಮೊದಲ ಜಠರದಲ್ಲಿ ಆಮ್ಲಜನಕವಿಲ್ಲದ ಕಾರಣ ಅಲ್ಲಿನ ಬ್ಯಾಕ್ಟೀರಿಯಾಗಳು ಉದ್ದ ಸರಪಳಿಯ ಕೊಬ್ಬಿನಾಮ್ಲವನ್ನು ಮೇಲೆ ಹೇಳಿದಂತೆ ಕಡಿಯುವುದಿಲ್ಲ. ದ್ವಿಬಂಧವುಳ್ಳ ಆಮ್ಲಗಳು ಅವುಗಳಿಗೆ ವಿಷಕಾರಿ. ಆದ್ದರಿಂದ ಬ್ಯುಟಿರಿವಿಬ್ರಿಯೊ ಮುಂತಾದ ಬ್ಯಾಕ್ಟೀರಿಯಾಗಳು ಲಿನೋಲೆಯಿಕ್ ಆಮ್ಲದ ಒಂದು ದ್ವಿಬಂಧವನ್ನು ಮೊದಲು ಜರುಗಿಸಿ, ಬಳಿಕ ಒಂದೊಂದಾಗಿ ತುಂಬುತ್ತವೆ. ಕೊನೆಗೆ ಹದಿನೆಂಟೂ ಇಂಗಾಲಗಳು ಉಳಿದಿರುವ ಪರ್ಯಾಪ್ತವಾದ ಸ್ಟಿಯರಿಕ್ ಆಮ್ಲ ಉಂಟಾಗುತ್ತದೆ. ನಡುದಾರಿಯಲ್ಲಿ ಟ್ರಾನ್ಸ್ ರೂಪವೊಂದು ಹುಟ್ಟಿ ಸ್ವಲ್ಪಾಂಶ ಹಾಲಿಗೂ ಸೇರುತ್ತದೆ. ಇಲ್ಲಿಯೂ ಜರುಗಿಸುವುದಿದೆ, ತುಂಬುವುದಿದೆ. ಕಡಿಯುವುದು ಮಾತ್ರ ಇಲ್ಲ. ಎರಡು ಸಂದರ್ಭಗಳಿಗೂ ‘ಬ್ಯಾಕ್ಟೀರಿಯಾ ಕ್ರಿಯೆ’ ಎಂದು ಬರೆದು ಮುಂದೆ ಸಾಗುವ ಲೇಖಕನು ಬಚ್ಚಲಗುಂಡಿಯನ್ನೂ ತುಪ್ಪದ ಗಡಿಗೆಯನ್ನೂ ಒಂದೇ ಮಾಡಿದಂತಾಗುತ್ತದೆ.

ಕಡಿದ ತುಣುಕುಗಳ ಗತಿಯೇನೆಂಬುದು ಉಳಿದ ಪ್ರಶ್ನೆ. ಮನುಷ್ಯನ ದೇಹವು ಅವನ್ನು ಉರಿಸಿ ಶಕ್ತಿಯನ್ನು ಪಡೆಯಬಲ್ಲದು. ಅವುಗಳಿಂದ ಸಕ್ಕರೆಯನ್ನು ಕಟ್ಟಲಾರದು. ಬ್ಯಾಕ್ಟೀರಿಯಾ ಕಟ್ಟಬಲ್ಲದು. ಅದಕ್ಕೆ ಬೇಕಾದ ಗ್ಲೈಆಕ್ಸಿಲೇಟ್ ಚಕ್ರವನ್ನು ಹ್ಯಾನ್ಸ್ ಕಾರ್ನ್‌ಬರ್ಗ್ ಮತ್ತು ಹ್ಯಾನ್ಸ್ ಕ್ರೆಬ್ಸ್ 1957ರಲ್ಲಿ ಸೂಕ್ಷ್ಮಜೀವಿಗಳಲ್ಲಿ ಗುರುತಿಸಿದರು. ಅದೇ ವರ್ಷ ಕಾರ್ನ್‌ಬರ್ಗ್ ಮತ್ತು ಹ್ಯಾರಿ ಬೀವರ್ಸ್ ಅದೇ ಚಕ್ರವನ್ನು ಮೊಳೆಯುತ್ತಿರುವ ಬೀಜವೊಂದರಲ್ಲಿ ಕಂಡರು. ಆ ಬೀಜ ಔಡಲದ್ದು. ತೆಂಕಣ ಕರ್ನಾಟಕದಲ್ಲಿ ಅದಕ್ಕೆ ಹರಳು ಎಂದು ಹೆಸರು. ಮಳೆ ಬಿದ್ದ ಮೇಲೆ ಎರೆಹೊಲದಲ್ಲಿ ಮೊಳೆಯುವ ಔಡಲದ ಬೀಜವು ತನ್ನೊಳಗಿನ ಎಣ್ಣೆಯನ್ನು ಎರಡೆರಡು ಇಂಗಾಲಗಳಾಗಿ ಕಡಿದು, ಎಲೆ ಬಿಸಿಲಿಗೆ ತೆರೆದುಕೊಳ್ಳುವವರೆಗೆ ಬೇಕಾಗುವ ಸಕ್ಕರೆಯನ್ನು ಅದರಿಂದಲೇ ಕಟ್ಟಿಕೊಳ್ಳುತ್ತದೆ. ಅದೇ ಹೊಲದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳೂ ಸಿಕ್ಕ ಜಿಡ್ಡಿನ ಮೇಲೆ ಅದೇ ಕ್ರಮದಲ್ಲಿ ಕೆಲಸ ನಡೆಸುತ್ತಿರುತ್ತವೆ. ಒಂದಕ್ಕೆ ಕನ್ನಡವು ‘ಮೊಳೆ’ ಎನ್ನುತ್ತದೆ, ಇನ್ನೊಂದಕ್ಕೆ ‘ಕೊಳೆ’ ಎನ್ನುತ್ತದೆ.